ಓವರ್ ಮುಗಿದ ಮೇಲಿನ ಮಾತು

ಫೆಬ್ರವರಿ 9, ಬೆಳಿಗ್ಗೆ 6.30

ದೀಪ ಹಚ್ಚಿದ್ದಾಯಿತು. ಇವರ ಮುಖ ತೊಳೆಸಿ, ಬಲಗೈಗೆ ಎಣ್ಣೆ ತಿಕ್ಕಿ, ದಿಂಬಿಗೆ ಒರಗಿಸಿ ಕೂರಿಸಿದ್ದೂ ಆಯಿತು. ಪಾರ್ಶ್ವವಾಯು ಹೊಡೆದು ಇವತ್ತಿಗೆ ನಲವತ್ತೊಂದು ದಿನ. ಕಾಲು ಚೂರು ಸ್ವಾಧೀನಕ್ಕೆ ಬರುತ್ತಿದೆ. ಮಾತಿಲ್ಲ. ಒಂದಕ್ಷರವೂ ಇಲ್ಲ.

ಮಾತು ಕಲಿಸುವ ಟೀಚರಮ್ಮ ನಿನ್ನೆ ಬಂದಿದ್ದಳು. ನಮ್ಮ ಮಗಳಿಗಿಂತ ಚಿಕ್ಕವಳು. ಬಾಳೆಹಣ್ಣಿನ ಚಿತ್ರ ಹಿಡಿದು "ಇದೇನು ಹೇಳಿ ಅಂಕಲ್" ಅಂದಳು. ಇವರು ಗೋಡೆ ನೋಡಿದರು. ಆಯುಷ್ಯವಿಡೀ ಟೀವಿ ರಿಪೇರಿ ಮಾಡಿದ ಮನುಷ್ಯನಿಗೆ ಬಾಳೆಹಣ್ಣು ತೋರಿಸಿದರೆ ಇನ್ನೇನು ಮಾಡಿಯಾರು.

ಹೊರಡುವಾಗ ನನ್ನನ್ನು ಬಾಗಿಲ ಹತ್ತಿರ ಕರೆದಳು. "ಆಂಟಿ, ಮೊದಲ ಮೂರು ತಿಂಗಳು ಮುಖ್ಯ. ಅಷ್ಟ್ರಲ್ಲಿ ಒಂದು ಮಾತು ಬಂದ್ರೂ ಸಾಕು, ಅದರ ಬಾಲ ಹಿಡ್ಕೊಂಡು ಉಳಿದದ್ದು ಬರುತ್ತೆ. ಬರ್ಲಿಲ್ಲ ಅಂದ್ರೆ..." ಅಷ್ಟಕ್ಕೇ ನಿಲ್ಲಿಸಿದಳು. 

ದಿನಾ ಏನು ಸದ್ದು ಮಾಡುತ್ತಾರೆ ಬರೆದಿಡಿ ಎಂದಿದ್ದಾಳೆ. ಆ ಪುಸ್ತಕ ಖಾಲಿ ಇದೆ. ಇದು ನನ್ನದು.

ಫೆಬ್ರವರಿ 14, ಮಧ್ಯಾಹ್ನ

ಐದು ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ.

ಮುಂದಿನ ವಾರ ಮ್ಯಾಚು ಶುರುವಂತೆ. ಇವರ ರಿಪೇರಿ ಅಂಗಡಿಯ ನೆನಪಾಯಿತು. ಹೊಟ್ಟೆ ಬಿಚ್ಚಿಟ್ಟ ಟೀವಿಗಳ ನಡುವೆ ಒಂದೇ ಒಂದು ಬೀದಿಗೆ ಮುಖ ಮಾಡಿ ಓಡುತ್ತಿರುತ್ತಿತ್ತು. ಎದುರಿಗೆ ಅರ್ಧ ಬೀದಿ ನಿಂತಿರುತ್ತಿತ್ತು. ಓವರ್ ಮುಗಿದು ಜಾಹೀರಾತು ಬಂದದ್ದೇ ತಡ, ಇವರು ಸೌಂಡ್ ತಿರುವಿ ಬಾಯಿ ಮುಚ್ಚಿಸುತ್ತಿದ್ದರು. "ಸೋಪಿನವನ ಕೂಗು ಕೇಳ್ತಾ ಕೂರೋಕೆ ನಾನೇನು ಅವನ ಮನೆ ಅಳಿಯನಾ?" ಬೀದಿ ನಗುತ್ತಿತ್ತು. ಆಮೇಲೆ ಊಟದ ಡಬ್ಬಿ ಹಿಡಿದು ನಿಂತ ನನ್ನ ಕಡೆ ತಿರುಗಿ, "ಈಗ ಹೇಳು."

ಆರು ಬಾಲು ಅವರದು. ನಡುವಿನ ಜಾಹೀರಾತು ನನ್ನದು. ಹಾಗೇ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೆವು. ಸೋಪಿನವನು ಮೈ ತೊಳೆದು ಮುಗಿಸುವುದರೊಳಗೆ ಮಗಳ ಜ್ವರ, ಸೋರುವ ಸೂರು ಎಲ್ಲ ಹೇಳಿ ಮುಗಿಸಬೇಕು. ಬೌಲರ್ ಓಡಲು ಶುರು ಮಾಡಿದನೋ ಇಲ್ಲವೋ, ಇವರ ಎಡಗೈ ಬೆರಳು ಮೇಲೇಳುತ್ತಿತ್ತು. "ಸುಮ್ನಿರೇ, ಬಾಲು!" ಅರ್ಧ ಮಾತು ನನ್ನ ಬಾಯಲ್ಲೇ.

ಒಂದು ಸಲ, "ನಿಮ್ಮಮ್ಮ ಬಾವಿ ಹತ್ರ..." ಎನ್ನುವಷ್ಟರಲ್ಲಿ ಬೆರಳು ಎದ್ದಿತು. ಆರೂ ಬಾಲು ಮುಗಿದ ಮೇಲೆ ತಿರುಗಿ, "ಅಮ್ಮ ಬಾವಿ ಹತ್ರ ಏನು?"

"ಜಾರಿ ಬಿದ್ರು."

"ಅಯ್ಯೋ! ಮೊದಲೇ ಹೇಳೋದಲ್ವೇನೇ!"

ಅತ್ತೆಗೆ ಏನೂ ಆಗಿರಲಿಲ್ಲ. ಕೊಡ ಒಡೆದಿತ್ತು ಅಷ್ಟೆ. ಆ ದಿನ ಮೂತಿ ಊದಿಸಿಕೊಂಡಿದ್ದೆ. ದೇವರ ಮುಂದೆ ಒಂದು ದಿನವೂ ಇಷ್ಟು ಭಕ್ತಿಯಿಂದ ಕೂತಿಲ್ಲವಲ್ಲ ಎಂದು ಹಂಗಿಸಿದ್ದೆ. ಈಗ ಇವರ ಆ "ಸುಮ್ನಿರೇ" ಬೈಗುಳಕ್ಕೆ ಕಿವಿ ಕಾಯುತ್ತಿದೆ.

ಗೋಡೆಗೆ ಅಂಟುವ ಟೀವಿ ಬಂದವು. ಕೆಟ್ಟರೆ ಬಿಸಾಡುತ್ತಾರೆ, ರಿಪೇರಿಗೆ ತರುವವರಿಲ್ಲ. ಅಂಗಡಿ ಮುಚ್ಚಿತು. ಮನೆಗೆ ಬಂದರೂ ಪದ್ಧತಿ ಅದೇ ಉಳಿಯಿತು, ತಿರುಗಣೆಯ ಬದಲು ರಿಮೋಟು.

ಫೆಬ್ರವರಿ 16

ಮಗಳಿಗೆ ನಾನೇ ಹೇಳಿದೆ. ಈಗಿನ ಜಾಹೀರಾತಿಗೆ ಲಂಗುಲಗಾಮಿಲ್ಲ. ಔಟಾದ ಹುಡುಗ ಬ್ಯಾಟು ಎತ್ತಿಕೊಂಡು ನಾಲ್ಕು ಹೆಜ್ಜೆ ಇಟ್ಟಿರುವುದಿಲ್ಲ, ಬಣ್ಣದ ಡಬ್ಬಿಯವನು ಹಾಜರ್. ಬಾಲು ಬಾಲಿನ ನಡುವೆಯೂ ನುಗ್ಗುತ್ತಾನೆ. ಆಟ ಮೂಲೆಗೆ ಒತ್ತರಿಸಿಕೊಳ್ಳುತ್ತದೆ, ನೆಂಟರು ಬಂದ ಮನೆಯಲ್ಲಿ ಮಕ್ಕಳು ಮಲಗಿದ ಹಾಗೆ. ಪೆಟ್ಟು ತಿಂದ ತಲೆಗೆ ಆ ಅರಚಾಟ ಯಾಕೆ ಅಂದೆ.

ಮಗಳು ಬಂದು ಜಾಹೀರಾತಿಲ್ಲದ ಪ್ಯಾಕು ಹಾಕಿಸಿಕೊಟ್ಟಳು. "ಬರೀ ಆಟ ಅಮ್ಮಾ. ಅಪ್ಪಂಗೆ ನೆಮ್ಮದಿ."

ಒಳ್ಳೆಯದೇ ಮಾಡಿದೆ ಅಂದುಕೊಂಡೆ.

ಫೆಬ್ರವರಿ 19, ಸಂಜೆ

ಮೊದಲ ಮ್ಯಾಚು. ಎದುರುಮನೆಯ ಕಂಡಕ್ಟರಣ್ಣ ಬಂದು ಕೂತರು. ಬಸ್ಸು ಬಿಟ್ಟು ಎಂಟು ವರ್ಷವಾದರೂ "ರೈಟ್ ರೈಟ್" ಬಿಟ್ಟಿಲ್ಲ. ಫೋರು ಹೋದಾಗಲೆಲ್ಲ ಕೂಗುತ್ತಾರೆ.

ಓವರ್ ಮುಗಿಯಿತು. ಜಾಹೀರಾತಿಲ್ಲ. ಆಟಗಾರರು ಆ ಕಡೆಯಿಂದ ಈ ಕಡೆ ನಡೆದರು, ಕಾಮೆಂಟ್ರಿಯವರು ತಮ್ಮ ಪಾಡಿಗೆ ಹರಟಿದರು. ಇವರು ಎಡಗೈ ಹೆಬ್ಬೆರಳಿನಿಂದ ರಿಮೋಟು ಒತ್ತಿ ಸೌಂಡ್ ತೆಗೆದರು.

"ಯಾಕ್ರೀ? ಆಟ ನಡೀತಾ ಇದೆ" ಎಂದು ಸೌಂಡ್ ಕೊಟ್ಟೆ. ಮತ್ತೊಂದು ಓವರ್ ಮುಗಿಯಿತು. ಮತ್ತೆ ಒತ್ತಿದರು. ನಾಲ್ಕು ಸಲ.

"ಕೈ ಅವರ ಮಾತು ಕೇಳಲ್ಲ ತಂಗಿ," ಅಂದರು ಕಂಡಕ್ಟರಣ್ಣ. ಹೌದೆನ್ನಿಸಿತು. ರಿಮೋಟು ಕಸಿದು ದೇವರ ಪಟದ ಪಕ್ಕ ಮೇಲೆ ಇಟ್ಟೆ.

ಇವರ ಕಣ್ಣಲ್ಲಿ ನೀರು. ನಮ್ಮವರು ಸೋಲುತ್ತಿದ್ದಾರಲ್ಲ, ಅದಕ್ಕಿರಬೇಕು.

ಮಾರ್ಚ್ 2

ಅರವತ್ತೆರಡನೆಯ ದಿನ. ಟೀವಿ ಹಚ್ಚಿದರೆ ಇವರು ಕಣ್ಣು ಮುಚ್ಚುತ್ತಾರೆ. ಹಚ್ಚುವುದನ್ನೇ ಬಿಟ್ಟಿದ್ದೇನೆ. ಟೀಚರಮ್ಮ ಕಾರ್ಡು ಚೀಲಕ್ಕೆ ಹಾಕುವಾಗ ನನ್ನ ಮುಖ ನೋಡಲಿಲ್ಲ.

ಯಾವ ಹುಡುಗನೂ ಔಟಾಗಲಿ ಎಂದು ನಾನು ದೇವರನ್ನು ಕೇಳಿದವಳಲ್ಲ. ಅವನಿಗೂ ಒಬ್ಬ ತಾಯಿ ಇರುತ್ತಾಳೆ. ಆಟಕ್ಕಾಗಿ ಇವರು ಎಷ್ಟು ಕೇಳಿಕೊಂಡರೂ ಕೈ ಮುಗಿದಿಲ್ಲ. ಇವತ್ತು ಮುಗಿದೆ. ಒಂದು ಮಾತು ಕೊಡಪ್ಪಾ. ಬೈಗುಳವಾದರೂ ಸರಿ.

ಮಾರ್ಚ್ 6, ಮಧ್ಯಾಹ್ನ 3

ಬರೆದೇ ಬಿಡಬೇಕು.

ಇವರ ಪಕ್ಕ ಕೂತು ಬಟ್ಟೆ ಮಡಚುತ್ತಿದ್ದೆ. ನಮ್ಮ ಟೀವಿ ಆರಿತ್ತು. ಕಿಟಕಿಯಿಂದ ಕಂಡಕ್ಟರಣ್ಣನ ಮನೆ ಟೀವಿ ಕೇಳುತ್ತಿತ್ತು. ಅವರದು ಜಾಹೀರಾತಿನದ್ದು. ಆಟ ನಿಂತು ಸೋಪಿನವನ ಹಾಡು ಶುರುವಾಯಿತು. ಇವರ ಹೆಬ್ಬೆರಳು ಬರೀ ಹಾಸಿಗೆಯನ್ನು ಒತ್ತಿತು. ಮುಖ ನನ್ನ ಕಡೆ ತಿರುಗಿತು.

ಈಗ ಹೇಳು. ಅದೇ ಮುಖ. ಅಂಗಡಿಯ ಮುಖ.

ಹಾಡು ಮುಗಿಯಿತು. ಮುಖ ಗೋಡೆಗೆ ಹೋಯಿತು.

ಅಯ್ಯೋ ಭಗವಂತಾ. ಆ ದಿನ ನಾಲ್ಕು ಸಲ ನನಗೆ ಜಾಗ ಮಾಡಿಕೊಟ್ಟರು. ನಾಲ್ಕು ಸಲವೂ ನಾನು ಬಾಗಿಲು ಹಾಕಿದೆ. ಸಾಲದ್ದಕ್ಕೆ ರಿಮೋಟೂ ಕಸಿದೆ.

ಮಾರ್ಚ್ 7

ಫೋನಿನಲ್ಲಿ ಮಗಳು: "ಜಾಹೀರಾತು ವಾಪಸ್ ಬೇಕಾ? ಜನ ಅದು ಬೇಡ ಅಂತ ಒದ್ದಾಡ್ತಾರೆ ಅಮ್ಮಾ!"

"ಜನಕ್ಕೆ ಬೇಡ್ದೆ ಇರ್ಬಹುದು. ನನ್ನ ಮಾತೆಲ್ಲ ಅದರೊಳಗೇ ಇತ್ತು ಕಣೇ. ನಿನ್ನ ಮದುವೆಗೆ ಇವರು ಹೂಂ ಅಂದದ್ದೂ ಅಲ್ಲೇ."

"ಬರ್ತೀನಿ" ಅಂದಳು.

ಮಾರ್ಚ್ 11, ಮಧ್ಯಾಹ್ನ 2.40

ಮಗಳು ಜಾಹೀರಾತು ವಾಪಸ್ ಹಾಕಿಸಿದ್ದಾಳೆ, ಕಂಡಕ್ಟರಣ್ಣನೂ ಬಂದು ಕೂತಿದ್ದಾರೆ. ರಿಮೋಟು ಇವರ ಎಡಗೈಗೆ ಕೊಟ್ಟೆ. ಮೊದಲ ಓವರ್ ಮುಗಿಯಿತು. ಬಂದನಪ್ಪ ಸೋಪಿನವನು! ಹಳೇ ಸೋಪು, ಹೊಸ ಹುಡುಗ. ಸೌಂಡ್ ಹೋಯಿತು. ತಿರುಗಿ ನೋಡಿದರು.

ಎಪ್ಪತ್ತೊಂದು ದಿನದ ಮಾತು ಗಂಟಲಲ್ಲಿ ನೂಕಾಡುತ್ತಿತ್ತು. ಕಡೆಗೆ ಹೊರಬಂದದ್ದು, "ಬಚ್ಚಲಿನ ನಲ್ಲಿ ಸೋರ್ತಿದೆ ರೀ."

ತಲೆಯಾಡಿಸಿದರು!

3.25

ಪ್ರತಿ ಬ್ರೇಕಿಗೂ ಮಾತಾಡಿದೆ. ಟೀಚರಮ್ಮನ ಬಾಳೆಹಣ್ಣಿನ ಮಾತಿಗೆ ಎಡತುಟಿ ನಕ್ಕಿತು. ಆಮೇಲೆ ಅಂಗಡಿ ಕಥೆ ತೆಗೆದೆ. "ನಿಮ್ಮಮ್ಮ ಬಾವಿ ಹತ್ರ ಬಿದ್ದ ದಿನ ನೀವು..." ಬ್ರೇಕು ಮುಗಿದದ್ದು ನೋಡಲೇ ಇಲ್ಲ. ಬೌಲರ್ ಓಡಿ ಬರುತ್ತಿದ್ದ.

ಎಡಗೈ ಎದ್ದಿತು. ಬೆರಳು.

"ಸು... ನೀ... ರೇ."

ಕಂಡಕ್ಟರಣ್ಣ ಕುರ್ಚಿ ಕೆಡವಿ ಎದ್ದರು. "ಅಂದ್ರು ತಂಗಿ! ಅಂದ್ರು! ರೈಟ್ ರೈಟ್!"

ಅವರಿಗೂ ಅದೇ ಬೆರಳು.

ನಾನು ಸುಮ್ಮನಿದ್ದೇನೆ. ಹೇಳಿದ್ದಾರಲ್ಲ. ಬಾಯಿ ತೆರೆದರೆ ಅಳು ಬರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಆರು ಬಾಲು ಇಷ್ಟು ಉದ್ದ ಯಾವತ್ತೂ ಇರಲಿಲ್ಲ.

ಐದನೆಯದು. ರನ್ನಿಲ್ಲ.

ಆರನೆಯದು... ಫೋರು. ಕಂಡಕ್ಟರಣ್ಣನ ಸದ್ದೇ ಇಲ್ಲ.

ಸೋಪಿನವನು ಬಂದ. ಸೌಂಡ್ ಹೋಯಿತು. ತಿರುಗಿದರು. ತುಟಿ ಕೂಡಿಸುತ್ತಿದ್ದಾರೆ—

"ಅಮ್... ಬಾ... ವಿ..."