ಹೊದಿಕೆಯಿಲ್ಲದ ಬಿಳಿ ಕೇಕು

ಚನ್ನಗಿರಿ, 3 ನವೆಂಬರ್ 1987

…"ಮಫತ್ತೇನ್ರಿ?" ಅಂತಲೇ ಕೇಳಿದ್ದಲ್ಲವೇ ಆ ಮುದುಕಿ? ನಿನ್ನೆ, ಜಗಳೂರಿನಲ್ಲಿ. ಟಿವಿಯ ಗದ್ದಲ, ಸರಿಯಾಗಿ ಕೇಳಿಸಲಿಲ್ಲ. "ಹೌದಮ್ಮಾ" ಎಂದೆ. ಸ್ಯಾಂಪಲ್ಲೆಂದು ಕೊಟ್ಟ ಸೋಪಿನ ಕೇಕನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಮತ್ತೂ ಏನೋ ಹೇಳಿದಳು — ಸೊಸೆ ತವರಿನಲ್ಲಿ ಬಾಣಂತಿ, ಅಲ್ಲಿಗೆ ಹೋಗ್ತೀನಿ, ಕೂಸಿಗೂ ಆಗ್ತೈತೆ ಅಂತ. ಕೂಸಿಗೆ ಹಾಲು ಕುಡಿಸುವ ಒಳಲೆ ತಿಕ್ಕುವುದಕ್ಕಿರಬೇಕು.

ಪಾತ್ರೆ ತಿಕ್ಕುವ ಕೇಕನ್ನು ಕಣ್ಣಿಗೆ ಒತ್ತಿಕೊಳ್ಳುವುದು! ಟಿವಿಯಿಂದ ಇಳಿದು ಬಂದದ್ದೆಲ್ಲ ಈಗ ಪ್ರಸಾದ. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಇದೇ ಯೋಚನೆ, ಗಲ್ಲ ಕೊಯ್ದುಕೊಂಡೆ.

ಇವತ್ತೂ ಅದೇ ಆಟ. ಬಸ್‌ಸ್ಟ್ಯಾಂಡಿನ ಹತ್ತಿರ ಮೆಟಡಾರ್ ನಿಲ್ಲಿಸುವುದು. ಡ್ರೈವರ್ ನಬೀಸಾಬ್ ಹಿಂಬಾಗಿಲು ತೆಗೆದು ಟಿವಿ, ವಿಸಿಆರ್ ಜೋಡಿಸುತ್ತಾನೆ. ಜನ ಸೇರಲಿ ಅಂತ ಸೋಪಿನ ಕಂಪನಿಯವರು ಕ್ಯಾಸೆಟ್ಟಿನ ಮೊದಲಿಗೆ ಒಂದು ಭಕ್ತಿಗೀತೆ ಸೇರಿಸಿದ್ದಾರೆ — ಶಂಖ, ಗಂಟೆ, ಹೊಗೆಯ ನಡುವೆ ಶಿವಲಿಂಗ. ಹೆಂಗಸರು ಚಪ್ಪಲಿ ಬಿಟ್ಟು ಕೂರುತ್ತಾರೆ. ಹೊಗೆ ಕರಗಿದರೆ ಅಡುಗೆಮನೆ. ಹಿಂದಿ ಆಡುವ ಬೊಂಬಾಯಿ ಹೆಂಗಸು, ಮಸಿ ಹಿಡಿದ ಪಾತ್ರೆ, ನಗು. ಆಕೆಯ ತುಟಿ ಆಡಿದಂತೆಲ್ಲ ನಾನು ಮೈಕಿನಲ್ಲಿ ಕನ್ನಡ ಹೇಳುತ್ತೇನೆ. ನನ್ನದಲ್ಲದ ತುಟಿಗೆ ನನ್ನದಲ್ಲದ ಮಾತು. ಕೊನೆಗೆ ಸ್ಯಾಂಪಲ್ — ಬೆಂಕಿಪೊಟ್ಟಣದಷ್ಟು ದಪ್ಪ, ಬಿಳಿ, ಹೊದಿಕೆ ಇಲ್ಲ, ಕರ್ಪೂರದ ವಾಸನೆ.

ಕೈಗಳನ್ನು ಮಾತ್ರ ನೋಡುತ್ತೇನೆ. ಮುಖ ನೋಡಿದರೆ ಮಾತಾಡಬೇಕಾಗುತ್ತದೆ.

ಹೊನ್ನಾಳಿ, 5 ನವೆಂಬರ್

ಒಳ್ಳೇ ಜನ. ಟಿವಿಯಲ್ಲಿನ ಪಾತ್ರೆ ಫಳಫಳ ಅಂದಾಗ ಒಬ್ಬಳು ಎದ್ದು ನಿಂತು, "ಆಕಿ ಬಳಿ ಮುರೀಲಿಲ್ಲ, ಸೀರಿ ನೆನೀಲಿಲ್ಲ, ಅದೆಂಗ್ರೀ ತಿಕ್ಕಿದ್ಲು?" ಅಂದಳು. ಎಲ್ಲರೂ ಗೊಳ್ಳೆಂದರು. ಮೈಕ್ ಹಿಡಿದುಕೊಂಡು ನಾನೂ ನಕ್ಕೆ.

ನಬೀಸಾಬ್ ವ್ಯಾನ್ ತೊಳೆಯಲಿಕ್ಕೂ ಅದೇ ಕೇಕು ಬಳಸಿ ನೋಡಿದ. ಕೈ ಉರಿ ಅಂತಾನೆ. "ಸಾರ್, ಇದು ಪಾತ್ರೆ ಮಸಿ ತೆಗಿಯಂಗಿಲ್ಲ, ಚರ್ಮನೇ ತೆಗೀತೈತೆ." ಅಂಗೈ ತೋರಿಸಿದ. ಕೆಂಪಗಾಗಿತ್ತು. ತೆಂಗಿನೆಣ್ಣೆ ಹಚ್ಚಿಕೊ ಎಂದೆ. ಅಷ್ಟೇ.

ನ್ಯಾಮತಿ, 7 ನವೆಂಬರ್, ಬೆಳಿಗ್ಗೆ

ನಬೀಸಾಬ್ ಡೀಸೆಲ್ ಹಾಕಿಸಲು ಹೋಗಿದ್ದಾನೆ. ಅಷ್ಟರಲ್ಲಿ ಬರೆದಿಟ್ಟುಬಿಡುತ್ತೇನೆ.

ಖಾನಾವಳಿಯಲ್ಲಿ ತಿಂಡಿಗೆ ಕೂತಿದ್ದೆ. ನಡೆಸುವಾಕೆ ಅನ್ನಪೂರ್ಣಮ್ಮ. ಒಳಗೆ ಆಕೆಯ ಮೊಮ್ಮಗು ಒಂದೇ ಸಮ ಅಳುತ್ತಿತ್ತು. ಎತ್ತಿಕೊಂಡು ಬಂದಳು. ಗೂಡಿನಿಂದ ಬಿಳಿಯ ಒಂದು ಗಟ್ಟಿ ತೆಗೆದು, ಉಗುರಿನಲ್ಲಿ ಕೆರೆದು, ಹಣೆಗೆ ಹಚ್ಚಿ, ಉಳಿದ ಚಿಟಿಕೆಯನ್ನು ಕೂಸಿನ ನಾಲಿಗೆಗೆ ಇಟ್ಟಳು.

ಪಕ್ಕದಲ್ಲಿ ತಿನ್ನುತ್ತಿದ್ದವನು ಕೇಳಿದ: "ಈಬತ್ತಿ ಮಠದ್ದೇನ್ರಿ?"

"ಹ್ಞೂ, ಮಠದ್ದೇ."

ಮಠದ್ದೇನ್ರಿ.

ಮಫತ್ತೇನ್ರಿ ಅಲ್ಲ. ಜಗಳೂರಿನ ಆ ಮುದುಕಿ ಕೇಳಿದ್ದೂ ಇದನ್ನೇ. ಅಷ್ಟೇ ಗಾತ್ರ, ಅದೇ ಬಿಳುಪು. ಮುಂಚೆ ಶಿವನ ಹಾಡು, ಶಂಖ. ಯಾವುದೋ ಮಠದಿಂದ ಗಾಡಿ ಬಂದು ವಿಭೂತಿ ಹಂಚುತ್ತಿದೆ ಅಂದುಕೊಂಡಳು. ಖಚಿತ ಮಾಡಿಕೊಳ್ಳಲು ಕೇಳಿದಳು. ಹೌದಮ್ಮಾ ಎಂದೆ.

ಕೂಸಿಗೂ ಆಗ್ತೈತೆ…

ನನಗೂ ಅಮ್ಮ ನಾಲಿಗೆಗೆ ಇಡುತ್ತಿದ್ದಳು. ಹಠ ಮಾಡಿದರೆ, ಜ್ವರ ಬಂದರೆ, ದೃಷ್ಟಿಯಾಗಿದೆ ಅನ್ನಿಸಿದರೆ. ರುಚಿ ನೆನಪಿದೆ. ನಬೀಸಾಬನ ಅಂಗೈ ಕೆಂಪಗಾದದ್ದೂ ನೆನಪಿದೆ. ಅದು ಗಂಡಸಿನ ಅಂಗೈ.

ಆಕೆಯ ಹೆಸರು ಗೊತ್ತಿಲ್ಲ. ಮುಖ ಗೊತ್ತಿಲ್ಲ. ಕೈ ನೋಡಿದರೆ ಗುರುತು ಹಿಡಿದೇನು. ಜಗಳೂರಿನಲ್ಲಿ ಮೆಟಡಾರ್ ನಿಲ್ಲಿಸಿದ್ದು ದಾವೂದನ ಕಿರಾಣಿ ಅಂಗಡಿಯ ಮುಂದೆ. ಟ್ರಂಕ್ ಕಾಲ್ ಹಾಕೋಣವೆಂದರೆ ಅವನಲ್ಲಿ ಫೋನಿಲ್ಲ.

ನಬೀಸಾಬನಿಗೆ ಹೇಳಿದೆ. "ನಮ್ಮನ್ಯಾಗೂ ದರ್ಗಾದ ಊದಿ ಕೂಸಿನ ನಾಲ್ಗಿಗೆ ಇಡ್ತಾರೆ ಸಾರ್… ಇವತ್ತಿನ ಆಟ ಹಾಳಾಗೋಗ್ಲಿ. ಡೀಸೆಲ್ ಹಾಕಿಸ್ಕಂಡು ಬರ್ತೀನಿ, ಹೊರಡಾಣ."

ದಾವಣಗೆರೆಯ ಹತ್ತಿರ, ಅದೇ ದಿನ, ಸಂಜೆ

ಮಧ್ಯಾಹ್ನ ಜಗಳೂರಿನಲ್ಲಿ, ದಾವೂದನಿಗೆ ಮುದುಕಿಯನ್ನು ವಿವರಿಸಲು ನನಗೆ ಬರಲಿಲ್ಲ. ಎತ್ತರವೋ ಗಿಡ್ಡವೋ, ಸೀರೆ ಯಾವ ಬಣ್ಣವೋ… ಏನೂ ನೋಡಿರಲಿಲ್ಲ. ಸೊಸೆ ಬಾಣಂತಿ ಎಂದೆ. ಅಷ್ಟೇ ಸಾಕಾಯಿತು.

"ಸಾವಂತ್ರಮ್ಮ! ಹೇಳಬಾರ್ದೇನ್ರಿ ಮದ್ಲೇ. ಊರಿಗೆಲ್ಲ ಹೇಳ್ಕಂಡು ತಿರುಗ್ಯಾಳೆ, ಟಿವಿ ಗಾಡ್ಯಾಗೆ ಮಠದೋರು ಬಂದಿದ್ರು, ಈಬತ್ತಿ ಕೊಟ್ರು ಅಂತ. ನಾನೂ ಅಂದೆ — ಅಮ್ಮಾ, ಅದು ಸೋಪಿನ ಗಾಡಿ. ಎಲ್ಲಿ ಕೇಳ್ತಾಳೆ? ನಿನಗೇನು ಗೊತ್ತು ದಾವೂದ, ಗಾಡಿಯೋರೇ ಹೌದಂದ್ರು ಅಂದ್ಲು."

"ಎಲ್ಲಿದ್ದಾರೆ?"

"ನಿನ್ನೆ ಹೋದ್ಲು. ಸೊಸಿ ತವರಿಗೆ, ಕೂಸು ನೋಡಾಕೆ. ಸಾಸ್ವೆಹಳ್ಳಿ. ನಾಳೆ ತೊಟ್ಲಿಗೆ ಹಾಕ್ತಾರಂತೆ. ಜಂಪಣ್ಣ ಅಂತ, ಸೊಸಿ ಅಪ್ಪ."

ಸಾಸ್ವೆಹಳ್ಳಿ. ಹೊನ್ನಾಳಿಯ ಹತ್ತಿರ. ಬೆಳಿಗ್ಗೆ ನಾನು ಎದ್ದ ನ್ಯಾಮತಿಯ ಕಡೆಯೇ. ಅರ್ಧ ದಿನ ಅವಳಿಂದ ದೂರ ದೂರ ಓಡಿದ್ದೇನೆ. ನಗು ಬರಬೇಕಿತ್ತು.

ದಾವೂದ ಚಹಾ ತರಿಸಿದ. ಕುಡಿಯಲಾಗಲಿಲ್ಲ. ಬೀಳ್ಕೊಡುವಾಗ ಅವನು ಹೇಳಿದ್ದು: "ಸಾಹೇಬ್ರೆ, ಮುದುಕಿ ಜಬರ್ದಸ್ತ್ ಅದಾಳೆ. ಬೈದ್ರೆ ಸುಮ್ನೆ ಬೈಸ್ಕಳ್ರಿ."

ಬೈಯಲಿ. ಬೈಯುವಂಥದ್ದು ಮಾತ್ರವೇ ಆಗಿರಲಿ.

ವಾಪಸು ಬರುವಾಗ ಮೆಟಡಾರ್ ಇಲ್ಲಿ ಕೆಟ್ಟು ನಿಂತಿತು. ರಸ್ತೆ ಬದಿಯಲ್ಲಿ ಬರೆಯುತ್ತಿದ್ದೇನೆ. ಕತ್ತಲಾಗುತ್ತ ಬಂತು. ನಬೀಸಾಬ್ ಬಾನೆಟ್ಟಿನೊಳಗೆ ತಲೆಯಿಟ್ಟು ಯಾರನ್ನೋ ಶಪಿಸುತ್ತಿದ್ದಾನೆ. ಇಂಜಿನ್ನನ್ನೇ ಇರಬೇಕು. ನನ್ನನ್ನೂ ಇರಬಹುದು.

ಸಾಸ್ವೆಹಳ್ಳಿ, 8 ನವೆಂಬರ್

ಕೂಸು ಚೆನ್ನಾಗಿದೆ.

ಮೊದಲು ಅಷ್ಟು ಬರೆದೆ. ಈಗ ಉಳಿದದ್ದು.

ಊರಿಗೆ ಬಂದಾಗ ಹೊತ್ತೇರಿತ್ತು. ಜಂಪಣ್ಣನ ಮನೆ ಯಾರನ್ನೂ ಕೇಳಬೇಕಾಗಲಿಲ್ಲ, ಬಾಗಿಲಿಗೆ ಮಾವಿನ ತೋರಣ. ಆದರೆ ಒಳಗಿನಿಂದ ಸದ್ದಿಲ್ಲ. ತೊಟ್ಟಿಲ ಹಾಡು ಇಲ್ಲ, ಮಾತಿಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ನುಗ್ಗಿದೆ. "ಆ ಈಬತ್ತಿ ಕೂಸಿಗೆ ಹಚ್ಚಬೇಡಿ! ಬಾಯಿಗೆ ಹಾಕಬೇಡಿ!"

ಪಡಸಾಲೆಯ ತುಂಬ ಜನ, ಎಲೆಯ ಮುಂದೆ. ಮೊದಲ ತುತ್ತು ಎಲ್ಲರ ಬಾಯಲ್ಲಿ. ಸದ್ದು ಅಡಗಿಸಿದ್ದು ಹೋಳಿಗೆ.

ಒಬ್ಬ ದಪ್ಪನೆಯ ಯಜಮಾನ ನುಂಗಿಕೊಂಡು ಕೇಳಿದ, "ಯಾರ್ರೀ ನೀವು?"

ಮೂಲೆಯಿಂದ ಒಂದು ಹೆಂಗಸಿನ ದನಿ: "ಬಂದ್ರು ನೋಡ್ರಪ್ಪಾ, ಟಿವಿ ಸ್ವಾಮ್ಗಳು!"

ಆಮೇಲೆ ಎದ್ದ ನಗೆ! ಒಬ್ಬನಿಗೆ ನೆತ್ತಿಗೇರಿ ಕೆಮ್ಮು ಬಂತು. ನಾನು ಹೊಸ್ತಿಲಲ್ಲಿ, ಕಾಲಲ್ಲಿ ಚಪ್ಪಲಿ.

ನಡೆದದ್ದು ಇಷ್ಟು. ಬೆಳಿಗ್ಗೆ ಶಾಸ್ತ್ರ ಮಾಡಿಸಲು ಜಂಗಮ ಅಯ್ಯನವರು ಬಂದರು. ಕೂಸಿಗೆ ಮೊದಲ ವಿಭೂತಿ ಅಯ್ಯನವರ ಕೈಯಿಂದಲೇ ಆಗಬೇಕು, ಅಲ್ಲಿಯವರೆಗೆ ಬೇರೆ ಯಾರೂ ಹಚ್ಚುವಂತಿಲ್ಲ — ಸಾವಂತ್ರಮ್ಮನ ಹಟ. ಹಾಗಾಗಿ ಕೇಕು ಆಕೆಯ ಸೆರಗಿನ ಗಂಟಿನಲ್ಲೇ ಇತ್ತು. ಬೀಗರ ಮುಂದೆ ಗಂಟು ಬಿಚ್ಚಿ, "ನಮ್ಮ ಕಡೇದು, ಮಠದ್ದು" ಎಂದು ದೇವರ ಜಗಲಿಯ ಮೇಲೆ ಇಟ್ಟಳು. ಅಯ್ಯನವರು ನಮಸ್ಕರಿಸಿ ತೆಗೆದುಕೊಂಡು, ಅಂಗೈಗೆ ನೀರು ಹನಿಸಿಕೊಂಡು, ತಿಕ್ಕಿದರು.

ನೊರೆ ಬಂತು.

ಇನ್ನಷ್ಟು ತಿಕ್ಕಿದರು. ಇನ್ನಷ್ಟು ನೊರೆ.

ಯಜಮಾನ ಜಂಪಣ್ಣನೇ ಅಭಿನಯಿಸಿ ತೋರಿಸಿದ. "ಅಯ್ನೋರು ಕೈ ನೋಡ್ತಾರೆ, ನಮ್ಮನ್ನ ನೋಡ್ತಾರೆ. ಮೂಸಿ ನೋಡಿದ್ರು. ತಾಯೀ, ಇದು ಯಾವ ಮಠದ್ದವ್ವಾ ಅಂದ್ರು. ನಮ್ಮ ಬೀಗ್ತಿ ಬಾಯಾಗೆ ಮಾತೇ ಇಲ್ಲ! ಎಲ್ಡು ದಿನದಿಂದ ಮಠ ಮಠ ಅಂತಿದ್ದೋರು."

"ಸಾಕು ಬಿಡ್ರಿ, ನಿಮ್ಮನ್ಯಾಗೆ ಈಬತ್ತಿನೇ ಇರ್ಲಿಲ್ಲ, ನಾನು ಸೋಪಾದ್ರೂ ತಂದೆ" ಎಂದಳು ಸಾವಂತ್ರಮ್ಮ. ನನ್ನತ್ತ ತಿರುಗಿದಳು. ಮೊದಲ ಸಲ ಮುಖ ನೋಡಿದೆ. ಸಣ್ಣ ಮುಖ, ದೊಡ್ಡ ಮೂಗುಬೊಟ್ಟು. "ಅಲ್ರೀ, ಮಠದ್ದೇನ್ರಿ ಅಂತ ಕೇಳಿದ್ನೋ ಇಲ್ವೋ? ಹೌದಮ್ಮಾ ಅಂತ ಬಾಯ್ತುಂಬಾ ಅಂದ್ರೋ ಇಲ್ವೋ?"

"ಮಫತ್ತೇನ್ರಿ ಅಂತ ಕೇಳಿಸಿತು."

"ಮಫತ್ತಾ! ನಾನ್ಯಾವತ್ತು ಮಫತ್ತು ಬೇಡಿದೀನ್ರೀ? ಬೀಗರ ಮುಂದೆ ಮಾನ ತೆಗೆದದ್ದು ಸಾಲ್ದು, ಈಗ ಭಿಕ್ಷುಕಿ ಬ್ಯಾರೆ ಮಾಡಾಕೆ ಬಂದ್ರೇನು?"

"ಕೂಸಿನ ನಾಲಿಗೆಗೆ…"

"ಇಲ್ರೀ. ಸೋಕಿಸಿಲ್ಲ." ನನ್ನ ಮುಖದಲ್ಲಿ ಏನು ಕಂಡಳೋ. ದನಿ ಇಳಿಯಿತು. "ಅದಕ್ಕೇನು ಬಂದಿರಿ? ಜಗಳೂರಿಂದ?"

ನ್ಯಾಮತಿಯಿಂದ ಜಗಳೂರಿಗೆ, ಜಗಳೂರಿಂದ ಇಲ್ಲಿಗೆ ಎಂದು ನಬೀಸಾಬ್ ಹಿಂದಿನಿಂದ ಹೇಳಿದ. ನಾನು ಚಪ್ಪಲಿ ಕಳಚಿದೆ. ಅಲ್ಲೇ ಕೂತುಬಿಟ್ಟೆ. ಯಾರೋ ನೀರು ಕೊಟ್ಟರು. ಬಾಣಂತಿ ಕೋಣೆಯ ಬಾಗಿಲಿಗೆ ಬಂದು ಕೂಸನ್ನು ತೋರಿಸಿದಳು. ಹೆಣ್ಣು. ನಿದ್ದೆಯಲ್ಲಿ ಬಾಯಿ ತೆರೆದಿತ್ತು. ನಾಲಿಗೆ ತಿಳಿಗೆಂಪು, ಶುಭ್ರ. ಅದನ್ನೇ ನೋಡುತ್ತ ನಿಂತೆ. ಒಬ್ಬ ಮನುಷ್ಯನ ನಾಲಿಗೆಯನ್ನು ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ.

ನಮ್ಮಿಬ್ಬರಿಗೂ ಎಲೆ ಹಾಕಿದರು. ನಿನ್ನೆಯಿಂದ ಉಂಡಿರಲಿಲ್ಲ ಎಂದು ಹೋಳಿಗೆ ಬಾಯಿಗೆ ಹೋದಾಗ ತಿಳಿಯಿತು.

ಊಟದ ಮೇಲೆ ಹೊಸ ಪೇಚು. ಉಳಿದ ಕೇಕನ್ನು ಏನು ಮಾಡುವುದು? ಜಂಪಣ್ಣ, ಮುಸುರೆಗೆ ಕೊಡ್ರಿ, ಪಾತ್ರೆ ರಾಶಿ ಬಿದ್ದೈತೆ ಎಂದ.

"ದೇವರ ಜಗಲಿ ಮ್ಯಾಲೆ ಇಟ್ಟದ್ದು, ಅಯ್ನೋರು ನಮಸ್ಕಾರ ಮಾಡಿದ್ದು. ಮುಸುರೆಗೆ ಹೆಂಗೆ ಹಚ್ಚಲಿ?"

"ಸೋಪಲ್ಲೇನ್ರೀ ಅದು?"

"ನಮಸ್ಕಾರ ಮಾಡೋ ಹೊತ್ತಿಗೆ ಸೋಪಾಗಿತ್ತೇನು?"

ಜಂಪಣ್ಣ ಎಲೆ ಅಡಿಕೆಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡ.

ಕೊನೆಗೆ ಹೊಳೆಗೆ ಬಿಡುವುದು ಎಂದಾಯಿತು. ಸಾವಂತ್ರಮ್ಮ, ನಾನು, ನಬೀಸಾಬ್ ಹೊರಟೆವು. ನೀರು ತುಂಬಿ ಹರಿಯುತ್ತಿತ್ತು. ಆಕೆ ಸೀರೆ ಎತ್ತಿ ಕಟ್ಟಿ ಒಂದು ಕಲ್ಲಿನ ಮೇಲೆ ನಿಂತು, ಪೂಜೆಯ ಹೂ ಬಿಡುವ ಹಾಗೆ ಮೆಲ್ಲಗೆ ಬಿಟ್ಟಳು. ಕೇಕು ಮುಳುಗಿತು. ಒಂದೆರಡು ಗುಳ್ಳೆ.

"ಹೊಳೆ ಮೀನು ಇನ್ನು ಮಿಂಚ್ತಾವೆ ಬಿಡ್ರಿ" ಎಂದಳು. ಜೋರಾಗಿ ನಕ್ಕೆ. ನನ್ನ ನಗು ನನಗೇ ಹೊಸದಾಗಿ ಕೇಳಿಸಿತು — ಮೈಕಿಲ್ಲದೆ.

ಆಕೆ ನಗಲಿಲ್ಲ. "ನಮ್ಮಲ್ಲಿ ನೊರೆ ಬಂತು, ಗೊತ್ತಾತು. ಒಣದೇ ಕೆರೆದು ಹಚ್ಚೋರು ಎಷ್ಟು ಜನ ಇದ್ದಾರೋ ನೋಡ್ರಿ."

ಹೊನ್ನಾಳಿ, 9 ನವೆಂಬರ್

ಕಂಪನಿಗೆ ಟ್ರಂಕ್ ಕಾಲ್. ಮ್ಯಾನೇಜರಿಗೆ ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ, "ವಿಭೂತಿ? ಯೂ ಮೀನ್ ಆಶ್? ಆದರೆ ನಮ್ಮದು ಬೂದಿಗೆ ಬದಲಿ ಅಲ್ಲವೇನ್ರೀ" ಎಂದರು. ಪಾತ್ರೆ ತಿಕ್ಕುವ ಬೂದಿ ಅವರ ತಲೆಯಲ್ಲಿ. ಬೇರೆ ಬೂದಿ ಎಂದೆ. ಕೊನೆಗೂ ಅರ್ಥವಾಯಿತು. ಮುಂದಿನ ಲಾಟು ಹಸಿರು ಬಣ್ಣ, ಕಾಗದದ ಹೊದಿಕೆ, ಎಂದರು. ಭಕ್ತಿಗೀತೆ ಇರಲಿ, ಜನ ಸೇರುತ್ತಾರೆ, ಅಂತಲೂ ಹೇಳಿದರು.

ನಬೀಸಾಬ್ ಕ್ಯಾಸೆಟ್ಟನ್ನು ಆ ಹಾಡು ಮುಗಿಯುವವರೆಗೂ ಮುಂದಕ್ಕೆ ಓಡಿಸಿ ಇಟ್ಟಿದ್ದಾನೆ. ಕೇಳಿದರೆ, "ಟೇಪು ಸವೆದೈತೆ ಸಾರ್."

ಇವತ್ತು ಇಲ್ಲಿ ಆಟ ಇಲ್ಲ, ಬರೀ ಕೂಗು. ಓಣಿ ಓಣಿ. ಹೋದ ಸಲ ಕೊಟ್ಟ ಬಿಳಿ ಕೇಕು ವಿಭೂತಿ ಅಲ್ಲ, ಸೋಪು, ಮೈಗೆ ಹಚ್ಚಬೇಡಿ, ಮಕ್ಕಳ ಬಾಯಿಗೆ ಹಾಕಬೇಡಿ. ನಾನೇ ಕಟ್ಟಿದ ಮಾತು. ಯಾರ ತುಟಿಗೂ ಹೊಂದಿಸಬೇಕಿಲ್ಲ. ಬಳೆ ಮುರಿಯದ್ದನ್ನು ಕೇಳಿದ್ದ ಹೆಂಗಸು ಕಟ್ಟೆಯ ಮೇಲಿಂದ, "ನಮ್ಮನ್ನೇನು ಅಷ್ಟು ಪೆದ್ದರು ಅಂದ್ಕಂಡ್ರೇನ್ರೀ?" ಅಂದಳು. ಹಗುರಾಯಿತು. ಎಷ್ಟು ಜನ ಪೆದ್ದರಲ್ಲವೋ ಅಷ್ಟೂ ಒಳ್ಳೆಯದು.

ಜಗಳೂರು, 12 ನವೆಂಬರ್

ಇಲ್ಲೂ ಯಾರಿಗೂ ಏನೂ ಆಗಿಲ್ಲ. ಸಾವಂತ್ರಮ್ಮ ನಮಗಿಂತ ಮೊದಲೇ ಊರು ಸೇರಿ ಸುದ್ದಿ ಹಬ್ಬಿಸಿದ್ದಾಳೆ. ದಾವೂದ ಹೇಳಿದ: "ನಾನು ಅವತ್ತೇ ಸೋಪು ಅಂದಿದ್ದೆ ಅಂತ ಈಗ ಆಕಿನೇ ಊರಿಗೆಲ್ಲ ಹೇಳ್ತಾಳೆ. ನಾನಂದದ್ದನ್ನ ತಾನಂದೆ ಅಂತಾಳೆ, ಸಾಹೇಬ್ರೆ!" ಚಹಾ ಕುಡಿದೆ. ಎರಡು ಲೋಟ.

ಚನ್ನಗಿರಿ, 20 ನವೆಂಬರ್

ಎಂಟು ದಿನ ಏನೂ ಬರೆದಿಲ್ಲ. ಬರೆಯುವ ಅಗತ್ಯ ಕಾಣಲಿಲ್ಲ. ಚೆನ್ನಾಗಿ ನಿದ್ದೆ ಮಾಡಿದ್ದೇನೆ.

ಇವತ್ತು ಕೊನೆಯ ಕೂಗು ಇಲ್ಲಿ. ಉಳಿದದ್ದಿದ್ದರೆ ವಾಪಸು ಕೊಡಿ, ಬದಲಿಗೆ ಹಸಿರು ಕೇಕು ಕೊಡುತ್ತೇವೆ ಎಂದೆ. ಮೆಟಡಾರಿನ ಹಿಂಬಾಗಿಲಲ್ಲಿ ಖಾಲಿ ಬಾಕ್ಸ್ ಇಟ್ಟೆವು. ಜನ ಬಂದರು, ನಕ್ಕರು, ಹಾಕಿದರು, ಹಸಿರು ತೆಗೆದುಕೊಂಡು ಹೋದರು. ಅರ್ಧ ಸವೆದವು, ಮಸಿ ಅಂಟಿದವು, ತೆಂಗಿನ ನಾರು ಕಚ್ಚಿಕೊಂಡವು. ಎಲ್ಲವೂ ಪಾತ್ರೆ ಕಂಡ ಕೇಕುಗಳು. ಒಂದೊಂದಕ್ಕೂ ಎದೆ ಇಷ್ಟಿಷ್ಟೇ ಸಡಿಲವಾಯಿತು. ಈ ಸಲ ಮುಖಗಳನ್ನು ನೋಡಿದೆ, ಮಾತಾಡಿದೆ. ಅಷ್ಟೇನೂ ಕಷ್ಟವಿಲ್ಲ.

ಮೈಕಿನ ವೈರ್ ಸುತ್ತಲು ಒಂದು ಗಳಿಗೆ ಆಚೆ ತಿರುಗಿದ್ದೆ. ತಿರುಗಿ ನೋಡಿದರೆ ಬಾಕ್ಸಿನಲ್ಲಿ ಎಲ್ಲಕ್ಕಿಂತ ಮೇಲೆ ಒಂದು. ಮಸಿ ಇಲ್ಲ. ನೀರು ತಾಗಿಲ್ಲ. ನಡುವೆ ಮಾತ್ರ ತುಸು ಸವೆದು, ಅಕ್ಕಪಕ್ಕ ವಿಭೂತಿ ತೆಗೆದ ಹಾಗೆ ಮೂರು ಬೆರಳಿನ ಗೆರೆ. ಬದಲಿ ತೆಗೆದುಕೊಂಡಿಲ್ಲ. ಯಾರು ಅಂತ ನಬೀಸಾಬನಿಗೂ ಗೊತ್ತಿಲ್ಲ — "ಒಬ್ಬಾಕಿ ಬಂದ್ಲು, ಸುಮ್ನೆ ಇಟ್ಟು ಹೋದ್ಲು ಸಾರ್. ನೆಮ್ಮದಿಯಾಗೇ ಹೋದ್ಲು."

ನೆಮ್ಮದಿಯಾಗಿ. ಅದನ್ನು ನಂಬುತ್ತೇನೆ. ಏನಾದರೂ ಆಗಿದ್ದರೆ ಯಾರೂ ಸುಮ್ಮನೆ ಇಟ್ಟು ಹೋಗುವುದಿಲ್ಲ. ಕೂಗು ಕೇಳಿಸಿದೆ, ತಂದಿದ್ದಾಳೆ, ಮುಗಿಯಿತು. ಮುಗಿಯಿತೆಂದೇ ಬರೆಯುತ್ತೇನೆ.

ಆದರೂ ತಾಯೀ, ನಿಲ್ಲದೆ ಹೋದಿರಲ್ಲ — ಹಣೆ ಉರಿಯಲಿಲ್ಲ ತಾನೇ?