ಯಾವ ‘ಬರ್ತೀನಿ’?

೩ ಮಾರ್ಚ್ ೨೦೨೪, ಭಾನುವಾರ, ಬೆಳಿಗ್ಗೆ

ಅತ್ತೆಯ ಕಣ್ಣಿಗೆ ಡ್ರಾಪ್ಸ್ — ಆಯಿತು. ಕಾಲಿಗೆ ಎಣ್ಣೆ — ಆಯಿತು. ಮೆತ್ತಗಿನ ಉಪ್ಪಿಟ್ಟು — ಆಯಿತು. ಗಂಡನನ್ನು ನೆನೆಯುವುದೊಂದು ಬಾಕಿ. ಅದಕ್ಕೆ ಟೈಮ್‌ಟೇಬಲ್ ಇಲ್ಲ.

ಕಲ್ಲೇಶ ವಿಯೆಟ್ನಾಂನಲ್ಲಿ. ಇವತ್ತು ಹನೋಯ್. ಹೆಸರಿನಲ್ಲೇ ‘ಹಾ, ನೋಯ್’ ಇದೆ. ಫೋನಿನಲ್ಲಿ ಹೇಳಿದೆ. ನಗಲಿಲ್ಲ. ಸಿಗ್ನಲ್ ಸರಿ ಇರಲಿಲ್ಲವೋ, ಪನ್ ಸರಿ ಇರಲಿಲ್ಲವೋ.

ಬಾಯಲ್ಲಿ ‘ಏನ್ರಿ’. ಕಲ್ಲೇಶ ಅನ್ನುವುದು ಈ ಡೈರಿಯಲ್ಲಿ ಮಾತ್ರ. ಇದಕ್ಕೇ ಡೈರ್ಯ ಅನ್ನೋದು.

ನಮ್ಮದು ಅರ್ಧನಾರೀಶ್ವರ ಟೂರು. ಮೊದಲು ಅವನು ಹೋಗಿ ನೋಡಿ ಬರುತ್ತಾನೆ, ನಾನು ಅತ್ತೆಯ ಹತ್ತಿರ. ಆಮೇಲೆ ಅದೇ ಊರಿಗೆ ನಾನು, ಅವನು ಅತ್ತೆಯ ಹತ್ತಿರ. ಬೇರೆ ಬೇರೆ ಊರು ನೋಡಿದರೆ ಮನೆಯಲ್ಲಿ ಇಬ್ಬರು ಗೈಡ್ ಆಗುತ್ತೇವೆ, ಗಂಡ-ಹೆಂಡತಿ ಆಗೋದಿಲ್ಲ — ಕಲ್ಲೇಶನ ಕಾನೂನು. ಹೈದರಾಬಾದಿನ ಕುಷಾಯಿಗೂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದರ ಬಗ್ಗೆ ಎರಡು ಪಕ್ಷ. ಇವರ ಹತ್ತಿರ ಬಹಳ ದುಡ್ಡಿದೆ ಅನ್ನುವವರು, ಇವರಿಗೆ ಬಹಳ ಜಗಳವಿದೆ ಅನ್ನುವವರು.

ಜೊತೆಗೆ ಕೊನೆಯ ಸಲ ಹೋದದ್ದು ಒರಂಗಲ್ಲಿಗೆ. ಎಂಟು ವರ್ಷ ಆಯಿತು. ಕಂಬಕ್ಕೆ ಒರಗಿ ಅವನು, ಅವನಿಗೆ ಒರಗಿ ನಾನು. ಒರಗಲ್ಲು! ಅವನೂ ಕಲ್ಲೇ, ಕಲ್ಲೇಶ. ರಾತ್ರಿ ಮನೆಗೆ ಬಂದರೆ ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಲ್ಲಿಂದ ಈಚೆಗೆ ಒಬ್ಬರು ಮನೆಯಲ್ಲಿ ಇರಲೇಬೇಕು. ಆಯಾ ಇಟ್ಟು ನೋಡಿದೆವು. ಮೊದಲನೆಯವಳನ್ನು ಅತ್ತೆ ಓಡಿಸಿದರು, ಎರಡನೆಯವಳನ್ನು ಅತ್ತೆಯ ಬಾಯಿ ಓಡಿಸಿತು.

ಸಂಜೆ

ವಿಡಿಯೋ ಕಾಲ್. ಅತ್ತೆ ಫೋನನ್ನು ಕಿವಿಗೆ ಹಿಡಿದು, ಮಗನಿಗೆ ತಮ್ಮ ಓಲೆ ತೋರಿಸುತ್ತಾ ಕೂಗಿದರು.

“ಏ ಕಲ್ಯಾ, ಉಂಡಿ ಏನೋ? ಅಲ್ಲಿ ಹಾವ್ ತಿಂತಾರಂತ. ನೋಡ್ಕೊಂಡ್ ಉಣ್ಣು.”

“ಇಲ್ಲವ್ವಾ, ಬ್ರೆಡ್ ತಿಂದೀನಿ.”

“ಬ್ರೆಡ್ ತಿನ್ನಾಕ ಅಷ್ಟ್ ದೂರ ಹೋಗ್ಬೇಕಿತ್ತೇನ್? ಇಲ್ಲೇ ಕೆಳಗ ಬೇಕರಿ ಐತಲ್ಲೋ!”

೬ ಮಾರ್ಚ್

ಚಿಕ್ಕವರಿದ್ದಾಗ ಠೂ ಬಿಡುತ್ತಿದ್ದೆವು. ದೊಡ್ಡವರಾದ ಮೇಲೆ ಅದಕ್ಕೊಂದು ‘ರ್’ ಸೇರಿಸಿ ಟೂರ್ ಅಂದರು. ಅಷ್ಟೇ ವ್ಯತ್ಯಾಸ.

ದಿಂಬು ಎರಡಿದೆ. ಒಂದಕ್ಕೆ ಕೆಲಸವಿಲ್ಲ.

೧೦ ಮಾರ್ಚ್

ಬಂದ. ಕಪ್ಪಾಗಿದ್ದಾನೆ. ಚಹಾ ಕುಡಿಯುತ್ತಾ ದಾರಿ ಹೇಳಿದ — “ಹೋಯ್ ಆನ್ ಅಂತ ಊರು. ಹೊಳಿ ದಂಡೀಗಿ ಹಳದಿ ಗ್ವಾಡಿ, ಟೇಲರ್ ಅಂಗಡಿ, ಅದರ ಮುಂದ ಸಿಮೆಂಟ್ ಬೆಂಚ್. ನಾ ಬಲಕ್ಕ ಕುಂತಿದ್ದೆ. ನೀ ಎಡಕ್ಕ ಕುಂದ್ರು.”

“ನೀವು ಎದ್ದು ಬಂದ್ರಲ್ಲ, ನಡುವ್ಯಾಗ ಕುಂತ್ರ ಏನಾಗ್ತದ್ರಿ?”

“ನಡುವ್ಯಾಗ ಕುಂತ್ರ ನಾ ಎಲ್ಲಿ ಕುಂದರ್ಲಿ?”

ಎದ್ದು ಪಾತ್ರೆ ತೊಳೆಯಲು ಹೋದೆ. ತೊಳೆದಿದ್ದ ಪಾತ್ರೆಯನ್ನೇ ತೊಳೆದೆ.

೨ ಮೇ, ಹೋಯ್ ಆನ್

ಕಾಲೇಜಿಗೆ ರಜೆ. ನನ್ನ ಪಾಳಿ. ಎಂ.ಎ.ಯಲ್ಲಿ ಓದಿದ ಹಳಗನ್ನಡ ಇಲ್ಲಿ ಕೆಲಸಕ್ಕೆ ಬಂತು. ಆನ್ ಅಂದರೆ ನಾನು. ಹೋಯ್! ಆನ್! — ಕೂಗಿದ ಹಾಗಿದೆ ಊರ ಹೆಸರು. ನೀನ್ ಎಲ್ಲಿ?

ಬೆಂಚು ಸಿಕ್ಕಿತು. ಎಡಕ್ಕೆ ಕೂತೆ. ಬಲಗಡೆ ಬ್ಯಾಗೂ ಇಡಲಿಲ್ಲ. ಒಬ್ಬ ಫ್ರೆಂಚೋ ಜರ್ಮನ್ನೋ ಬಂದು ಕೂರಲೇ ಅಂತ ಸನ್ನೆ ಮಾಡಿದ. ಆಳು ಇದ್ದಾರೆ ಅಂದೆ. ಕನ್ನಡದಲ್ಲೇ. ಪಾಪ, ಅರ್ಥವಾದವನಂತೆ ಹೋದ.

ಹೊಟೇಲಿನಲ್ಲಿ ‘ಟ್ವಿನ್ ಶೇರಿಂಗ್’, ಕೋಣೆಗೆ ಇಬ್ಬರು. ನನ್ನ ಅವಳಿ ಈ ಸಲ ಉಮಾಶ್ರೀ. ಬೇಗಂ ಬಜಾರಿನಲ್ಲಿ ಅವರದು ಪಾತ್ರೆ-ಕುರ್ಚಿಯ ಹೋಲ್‌ಸೇಲ್ ಅಂಗಡಿ, ಮೂಲ ಬಾಗಲಕೋಟೆ. ಸೂಟ್‌ಕೇಸಿನ ಅರ್ಧ ಖಡಕ್ ರೊಟ್ಟಿ. ಗೊರಕೆಯೂ ಹೋಲ್‌ಸೇಲ್.

“ಟೀಚರಮ್ಮಾ, ಗಂಡ ಇದ್ದೂ ಒಬ್ಬರ ತಿರಗ್ತೀರಲ್ರಿ. ನಾ ಅಂತೂ ಇಲ್ಲದಕ್ಕ ತಿರಗಾಕತ್ತೀನಿ.”

ಹಾಸ್ಯ ಮಾಡಬೇಕಿತ್ತು. ರೊಟ್ಟಿ ಮುರಿದು ಬಾಯಿಗಿಟ್ಟೆ.

೧೧ ಮೇ

ಫೋಟೋಗಳನ್ನು ಟ್ರಾವೆಲ್ಸ್‌ನ ಪಿಂಕಿಗೆ ತೋರಿಸಿದೆ. ನಮ್ಮಿಬ್ಬರ ಟಿಕೆಟ್ಟನ್ನೂ ಯಾವಾಗಲೂ ಅವಳೇ ಬುಕ್ ಮಾಡೋದು. ‘ಆಂಟೀ, ದೋನೋಂಕೋ ಏಕ್ ಮೇ ಜೋಡ್ ದೂಂ?’ ಎಂದವಳೇ ಫೋನಿನಲ್ಲಿ ಜೋಡಿಸಿಬಿಟ್ಟಳು. ಅವನು ಬಲಕ್ಕೆ, ನಾನು ಎಡಕ್ಕೆ, ಹಿಂದೆ ಹಳದಿ ಗೋಡೆ. ಅಸಲು ಜೋಡಿಯ ಹಾಗೇ.

ಮನೆಗೆ ಬಂದು ನೋಡಿದ ಮೇಲೆ ಗೊತ್ತಾಯಿತು. ಅವನ ನೆರಳು ಹೊಳೆಯ ಕಡೆ ಬಿದ್ದಿದೆ. ನನ್ನದು ಗೋಡೆಯ ಕಡೆ. ಅವನದು ಮಾರ್ಚಿನ ಬೆಳಗು, ನನ್ನದು ಮೇ ಸಂಜೆ.

ಅವನಿಗೆ ಹೇಳಲಿಲ್ಲ. ಫ್ರೇಮ್ ಹಾಕಿಸೋಣ ಅಂತಿದ್ದಾನೆ.

೧೮ ಆಗಸ್ಟ್, ಭಾನುವಾರ

ಬಾಕು! ಕನ್ನಡದಲ್ಲಿ ಚೂರಿ, ಭೂಪಟದಲ್ಲಿ ಊರು. ನನ್ನ ಎದೆಗೇ ನೆಟ್ಟ. ಊಟದ ಹೊತ್ತಿಗೆ ಕಲ್ಲೇಶ ತಟ್ಟೆಯಲ್ಲಿ ಬೆರಳಾಡಿಸುತ್ತಾ ಹಿಂದಿಗೆ ಹೊರಳಿದ. ಅತ್ತೆಗೆ ತಿಳಿಯಬಾರದ ಮಾತೆಲ್ಲ ನಮ್ಮಲ್ಲಿ ಹಿಂದಿ.

“ದಸರೇಮೇ ಬಾಕು. ಇಸ್ ಬಾರ್ ದೋನೋ.”

“ಔರ್ ಅಮ್ಮಾ?”

“ಕುಛ್ ಕರೇಂಗೆ. ಕಬ್ ತಕ್ ಐಸಾ ಆಧಾ-ಆಧಾ?”

ಎಷ್ಟು ದಿನ ಈ ಅರ್ಧ-ಅರ್ಧ ಅಂತೆ. ಪಿಂಕಿಗೆ ಎರಡು ಸೀಟು ಹೇಳಿಯೇ ಬಂದಿದ್ದಾನೆ! ಎಂಟು ವರ್ಷದಲ್ಲಿ ಮೊದಲ ಸಲ ನನ್ನ ಟ್ವಿನ್ ನನ್ನ ಗಂಡ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಅತ್ತೆಯ ದನಿ —

“ನಾ ಬರ್ತೀನಿ.”

ಇಬ್ಬರೂ ಕಲ್ಲು. ಅವನು ಹುಟ್ಟಾ ಕಲ್ಲು, ನಾನು ಆಗ ಆದದ್ದು.

ಬರ್ತಾರಂತೆ! ಎಂಬತ್ತನಾಲ್ಕು ವಯಸ್ಸು, ವಾಕರು, ಪಾಸ್‌ಪೋರ್ಟು ಇಲ್ಲ. ಎಲ್ಲಿಗೆ ಅಂತ ಕೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಕೇಳಿದರೆ ‘ಬ್ಯಾಡಾದ್ರ ಬಿಡ್ರೆಪಾ’ ಅಂತ ಮುಖ ಗೋಡೆಗೆ ತಿರುಗುತ್ತೆ, ಊಟ ನಿಲ್ಲುತ್ತೆ.

ರಾತ್ರಿ ಕಲ್ಲೇಶ ಅಂದ, “ಹಂಪಿಗಿ ಹೋಗೂಣು. ಕಾರ್‌ನಾಗ. ಮೂರೂ ಮಂದಿ. ಆಕೀನೂ ಎಂದ ನೋಡ್ಬೇಕು?” ಸರಿಯೇ. ಆಕೆ ಎಂದು ನೋಡಬೇಕು? ಸರಿ ಅಂತ ಗೊತ್ತಿದ್ದೂ ದಿಂಬು ಒದ್ದೆಯಾಯಿತು.

ಬಾಕು ಬಾಕಿ.

೨೪ ಆಗಸ್ಟ್

ಬೇಗಂ ಬಜಾರು. ಉಮಾಶ್ರೀಯ ಅಂಗಡಿಯಲ್ಲಿ ಮಡಚುವ ಕಮೋಡ್ ಕುರ್ಚಿ ತೆಗೆದುಕೊಂಡೆ.

“ಪಿಂಕಿ ಅಂದ್ಳು, ಬಾಕೂಗ ಹೊಂಟೀರಂತ. ಕುರ್ಚಿ ಒಯ್ತೀರೇನ್ರಿ ಟೀಚರಮ್ಮಾ? ಅಲ್ಲಿ ಕುಂದರಾಕ ಜಾಗಾ ಇಲ್ಲೇನ್?”

“ಬಾಕು ಕ್ಯಾನ್ಸಲ್ ರಿ. ಹಂಪಿ. ಅತ್ತಿ ಬರ್ತಾರ.”

ಉಮಾಶ್ರೀ ನಗು ನಿಲ್ಲಿಸಿದರು. ರೇಟು ಇಳಿಸಿದರು. ಅನುಕಂಪಕ್ಕೆ ಡಿಸ್ಕೌಂಟ್ ಉಂಟು ಅಂತ ಇವತ್ತು ತಿಳಿಯಿತು.

ಅತ್ತೆಗೆ ಊರಿನ ಹೆಸರು ಹೇಳಿಲ್ಲ. ಹೇಳಿದರೆ ದಿನಾ ತಲೆ ತಿಂತಾಳೆ ಅಂತ ಮಗನ ಅಂಬೋಣ. ‘ದಸರಾದ ಮೊದಲ ಶನಿವಾರ ಹೊರಡೋದ್ರಿ ಅತ್ತಿ’ ಅಂದೆ, ಅಷ್ಟೇ. ‘ಹ್ಞೂಂ, ಗೊತ್ತೈತಿ’ ಅಂದರು.

೩ ಅಕ್ಟೋಬರ್, ಗುರುವಾರ

ಏನು ಬರೆಯಲಿ. ನಗಲೋ, ಅಳಲೋ, ವ್ಯಾಕರಣ ಪುಸ್ತಕ ಸುಡಲೋ.

ಮಧ್ಯಾಹ್ನ ಅತ್ತೆಯ ಕೋಣೆಗೆ ಹೋದೆ. ಟ್ರಂಕ್ ತೆರೆದಿದೆ. ಸೀರೆ, ವಿಭೂತಿ ಗಟ್ಟಿ, ಎಣ್ಣೆ ಸೀಸೆ, ಚಳಿಗಾಲದ ಸ್ವೆಟರ್ ಕೂಡ. ಎಲ್ಲದರ ಮೇಲೆ ಮಾವನವರ ಫೋಟೋ. ಗೋಡೆಯಲ್ಲಿ ಅದಿದ್ದ ಜಾಗ ಬೆಳ್ಳಗೆ ಚೌಕ.

“ಅತ್ತಿ, ಮೂರ್ ದಿನದ ಹಂಪೀಗಿ ಮಾವನ್ನ ಯಾಕ್ರಿ?”

“ಹಂಪಿ? ಯಾವ ಹಂಪಿ?”

“ನೀವ ಅಂದ್ರೆಲ್ರಿ, ಬರ್ತೀನಂತ!”

ಅತ್ತೆ ನನ್ನನ್ನು ನೋಡಿದರು. ಫೇಲಾದ ವಿದ್ಯಾರ್ಥಿಯನ್ನು ನಾನು ನೋಡುವ ಹಾಗೆ.

“ಎವ್ವಾ, ಕಾಲೇಜಿನ್ಯಾಗ ಏನ್ ಕಲಸ್ತೀ ನೀ? ಮನಿ ಬಿಟ್ಟು ಹೊಂಟಾಗ ಹೋಗ್ತೀನಂತ ಯಾರರ ಅಂತಾರೇನ್? ಅಪಶಕುನ. ಬರ್ತೀನಂತ ಅಂದೆ. ಹುಮನಾಬಾದಿಗಿ, ನಮ್ಮ ಅಣ್ಣನ ಮಗ ಗುರುಸಿದ್ದಪ್ಪನ ಮನೀಗಿ. ಶನಿವಾರ ಗಾಡಿ ತರ್ತಾನ. ನೀವಿಬ್ರೂ ಹೋಗ್ರಿ, ಆ ಚೂರಿ ಊರಿಗಿ.”

“ನಿಮಗ ಹೆಂಗ—”

“ನಲವತ್ ವರ್ಷಾತು ಹೈದರಾಬಾದಿಗಿ ಬಂದು. ಹಾಲಿನಾಂವನ ಕೂಡ, ಕಾಯಿಪಲ್ಲೆದಾಕೀ ಕೂಡ ಹಿಂದ್ಯಾಗ ಜಗಳಾ ಆಡಿದಾಕಿ ನಾ. ಆಧಾ-ಆಧಾ ಅಂದ್ರ ತಿಳಿಯಂಗಿಲ್ಲೇನ್ ನಂಗ?”

ಎಂಟು ವರ್ಷದ ಹಿಂದಿಯಷ್ಟೂ ಒಮ್ಮೆಗೇ ನೆನಪಾಯಿತು. ಏನೇನು ಅಂದಿದ್ದೆವೋ...

ಸಂಜೆ ಕಲ್ಲೇಶನಿಗೆ ಹೇಳಿದೆ. ಪಿಂಕಿ ಸೀಟು ಯಾರಿಗೋ ಕೊಟ್ಟಿರುತ್ತಾಳಲ್ಲ ಅಂದೆ. ಅವನು ಶೂ ಬಿಚ್ಚುತ್ತಾ, ನೆಲ ನೋಡುತ್ತಾ, “ನಾ ಕ್ಯಾನ್ಸಲ್ ಮಾಡೇ ಇಲ್ಲ” ಅಂದ. “ಫೋನ್ ಮಾಡ್ಬೇಕಂತ ದಿನಾ ಅನ್ಕೊಂತಿದ್ದೆ. ಕೈ ಬರ್ಲಿಲ್ಲ.”

೫ ಅಕ್ಟೋಬರ್, ಶನಿವಾರ

ಗುರುಸಿದ್ದಪ್ಪ ಬಂದು ಟ್ರಂಕ್ ಎತ್ತಿದ. ಬೇಕಾಗುತ್ತೆ ಅಂತ ಕುರ್ಚಿ ಹೊರತಂದೆ. ಇಲ್ಲೇ ಇರ್ಲಿ ಅಂದರು ಅತ್ತೆ. ಯಾಕೆ ಇಲ್ಲೇ? ಮರಳಿ ಬರುವುದಕ್ಕೋ, ಅಲ್ಲಿ ಬೇರೆ ಇದೆಯೋ?

ಗಾಡಿಯ ಕಿಟಕಿಯಿಂದ ನನ್ನ ಕೆನ್ನೆ ತಟ್ಟಿದರು. “ಬರ್ತೀನವಾ.”

ಮೂವತ್ತು ವರ್ಷದ ಸಂಸಾರದಲ್ಲಿ ಸಾವಿರ ಸಲ ಕೇಳಿದ ಮಾತು. ಇವತ್ತು ಅರ್ಥ ತಿಳಿಯಲಿಲ್ಲ.

೯ ಅಕ್ಟೋಬರ್, ಬಾಕು

ಸಮುದ್ರದ ಪಕ್ಕ ಉದ್ದನೆಯ ದಾರಿ, ಬೆಂಚು. ಕೂತೆವು. ಗಾಳಿ ಜೋರು. ಎಂಟು ವರ್ಷ ಕೂಡಿಟ್ಟ ಮಾತು ಎಲ್ಲಿ ಹೋಯಿತೋ. ಬಾಯಿಗೆ ಬಂದದ್ದು ಫೋನಿನಲ್ಲಿ ಊರು ಬಣ್ಣಿಸುವ ಅಭ್ಯಾಸವೇ —

“ಏನ್ರಿ, ನೀರು ಬೂದಿ-ನೀಲಿ ಐತಿ. ಒಂದೀಟು ಎಣ್ಣಿ ವಾಸನಿ. ದೂರ ಒಂದು ಹಡಗ—”

“ನಂಗೂ ಕಾಣಸ್ತೈತಿ, ನೇತ್ರಾ.”

ಮೆಲ್ಲಗೆ ಅಂದ. ನನ್ನ ಹೆಸರು ಹಿಡಿದು ಕರೆದು ಎಷ್ಟು ಕಾಲವಾಗಿತ್ತು. ಫೋನಿಲ್ಲದೆ, ಸಿಗ್ನಲ್ಲಿಲ್ಲದೆ, ಪಕ್ಕದಿಂದ. ಕಣ್ಣಿಗೆ ಗಾಳಿ ಹೊಡೆಯಿತು ಅಂತ ಬರೆದುಕೊಳ್ಳುತ್ತೇನೆ.

ಆಮೇಲೆ ನೋಡಿದರೆ ನಾನು ಎಡತುದಿ, ಅವನು ಬಲತುದಿ. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದೆವು. ಇಬ್ಬರೂ ಒಟ್ಟಿಗೇ ವಾಚು ನೋಡಿದೆವು. ಅಲ್ಲಿ ಅತ್ತೆಯ ಚಹಾದ ಹೊತ್ತು.

ಸರಿದು ಕೂತ. ಒರಗಿದೆ. ಕಲ್ಲು ಬೆಚ್ಚಗಿತ್ತು.

೧೦ ಅಕ್ಟೋಬರ್

ಗುರುಸಿದ್ದಪ್ಪನ ಫೋನಿಗೆ ವಿಡಿಯೋ ಕಾಲ್. ಮತ್ತೆ ಓಲೆ ದರ್ಶನ.

“ಅತ್ತಿ, ಯಾವಾಗ ಬರ್ತೀರಿ ಮನೀಗಿ?”

“ಯಾಕ, ಎಣ್ಣಿ ಹಚ್ಚಾಕ ಕಾಲು ಸಿಗವಲ್ಲವೇನ್ ಅಲ್ಲಿ?”

“ನಿಮ್ಮಂಥಾ ಕಾಲು ಇಲ್ಲಿ ಯಾರವೂ ಇಲ್ರಿ.”

ನಕ್ಕರು. ಓಲೆ ಅಲ್ಲಾಡಿತು. “ಅಡ್ಡ್ಯಾಡ್ರಿ, ನೋಡ್ರಿ. ಈಗ ಹೋದ್ರೇನ ಹೋದ್ರಿ. ಇಡ್ತೀನಿ. ಬರ್ತೀನಿ.”

ಕಟ್.

ಕಲ್ಲೇಶ: “ಬರ್ತೀನಂದ್ಳಲ್ಲ. ಬರ್ತಾಳ.”

ನಾನು: “ಅದು ಫೋನ್ ಇಡೋ ಬರ್ತೀನಿ ರಿ.”

ಅವನು ಹೊಟೇಲಿಗೆ ಬರುವತನಕ ನನ್ನ ಕೈ ಬಿಡಲಿಲ್ಲ. ಎರಡೂ ಬೇಕು ನಮಗೆ, ಈ ಕೈಯೂ ಆ ಕಾಲೂ. ಒಂದೇ ಟಿಕೆಟ್ಟಿನಲ್ಲಿ ಸಿಗುವುದಿಲ್ಲ.

೧೩ ಅಕ್ಟೋಬರ್, ಭಾನುವಾರ, ಹುಮನಾಬಾದ್

ಬೆಳಿಗ್ಗೆ ಇಳಿದು, ಮನೆಯಲ್ಲಿ ಸೂಟ್‌ಕೇಸ್ ಎಸೆದು, ಕುರ್ಚಿಯನ್ನು ಡಿಕ್ಕಿಗೆ ಹಾಕಿ ಹೊರಟೆವು. ಪಟಾನ್‌ಚೆರು ತನಕ ಕಲ್ಲೇಶ ದಿನಾ ಕಂಪನಿ ಬಸ್ಸಿನಲ್ಲಿ ಹೋಗುವ ದಾರಿ. ಅದು ದಾಟಿದರೆ ಅವನಿಗೆ ಟೂರು ಶುರು. ದಾಟಿದ ಮೇಲೆ ಅಂದ, “ಹಂಪೀಗಿ ರಜಾ ಸಾಲಂಗಿಲ್ಲ. ಬೀದರ್ ಕೋಟಿ ತೋರ್ಸೂಣು. ಹಂಗ ಮನೀಗಿ ಕರ್ಕೊಂಡ್ ಹೋಗೂಣು.”

“ಬರದಿದ್ರ?”

ಗೇರು ಬದಲಿಸಿದ.

ಈಗ ಗುರುಸಿದ್ದಪ್ಪನ ಮನೆಯ ಮುಂದೆ ಕಾರು. ಅವನು ಒಳಗೆ ಹೋಗಿದ್ದಾನೆ. ನೀವ ಕೇಳ್ರಿ ಅಂದೆ. ನನಗೆ ಕೇಳಲು ಆಗದು. ಹಿಂದಿನ ಸೀಟಿನಲ್ಲಿ ದಿಂಬು ಇಟ್ಟಿದ್ದೇನೆ, ಕೆಲಸವಿಲ್ಲದ ಆ ಎರಡನೇ ದಿಂಬು. ತೊಡೆಯ ಮೇಲೆ ಡೈರಿ. ಎಂಜಿನ್ ಆನ್ ಇದೆ, ಅಕ್ಷರ ನಡುಗುತ್ತಿದೆ. ಎಂಜಿನ್ನಿನಿಂದಲೇ.

ಒಳಗೆ ದನಿ. ಕಲ್ಲೇಶನದು ಸಣ್ಣದು, ಕೇಳಿಸುವುದಿಲ್ಲ. ಅತ್ತೆಯದು ಓಣಿಗೆಲ್ಲ ಕೇಳುತ್ತೆ.

“ಬರ್ತೀನಂತ ಹೇಳು ಹೋಗು ನಿನ್ನ ಹೇಣ್ತಿಗಿ!”

ಯಾವ ಬರ್ತೀನಿ? ಯಾವುದು ಅತ್ತಿ?

ವಾಕರಿನ ಟಕ್ ಟಕ್. ಹೊಸ್ತಿಲಿಗೆ ಬಂದರು. ಬರಿ ಕೈ ಬೀಸೋಕೆ ಬಂದರಾ, ಇಲ್ಲ ಹಿಂದೆ ಕಲ್ಲೇಶನ ಕೈಯಲ್ಲಿ ಟ್ರಂಕು — ಬಾಗಿಲು ಅಡ್ಡ, ಕಾಣಿಸ್ತಿಲ್ಲ — ಇರು, ಇಳಿದು ನೋ—