ಮೀಟರಿನ ಮುಳ್ಳು ಸರಿಯಾಗಿಯೇ ಇತ್ತು

ಬುಧವಾರ, ಮಧ್ಯಾಹ್ನ

ಮುದ್ದು ಪುಟ್ಟಿಗೆ,

ಅಮ್ಮನ ತುಂಬು ಮನಸ್ಸಿನ ಆಶೀರ್ವಾದ. ಮೊದಲು ಒಂದು ಮಾತು. ಭಾನುವಾರ ಹಾಯಿದೋಣಿಯಲ್ಲಿ ದ್ವೀಪಕ್ಕೆ ಹೊರಡುವ ಮುಂಚೆ ಅದರ ರೇಡಿಯೋವನ್ನು ಬೇರೆ ಯಾರ ಕೈಯಲ್ಲಾದರೂ ಪರೀಕ್ಷೆ ಮಾಡಿಸು. ಗಾಬರಿ ಬೀಳಬೇಡ, ಉದಾಸೀನವನ್ನೂ ಮಾಡಬೇಡ. ಮಗು ಜೊತೆಗಿರುತ್ತದೆ.

ಫೋನಿನಲ್ಲೇ ಹೇಳಬಹುದಿತ್ತು. ನಿನ್ನಪ್ಪ ಎದುರಿನ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದಾರೆ. ನಾನು ಏನು ಮಾತಾಡಿದರೂ ಅವರಿಗೆ ಕೇಳಿಸುವುದಿಲ್ಲ. ಅದೇ ವಿಷಯ, ಪುಟ್ಟಿ. ಕೇಳಿಸುವುದಿಲ್ಲ ಅಂತ ಗೊತ್ತಿದ್ದೂ ಅವರ ಎದುರಿಗೇ ಅವರ ಕಿವಿಯ ಬಗ್ಗೆ ಮಾತಾಡಲು ನನಗೆ ಬಾಯಿ ಬರಲಿಲ್ಲ.

ಅಂಗಡಿ ಯಾಕೆ ಮುಚ್ಚಿದಿರಿ ಅಂತ ನೀನು ಕೇಳಿದಾಗ, ಈ ಕಾಲದಲ್ಲಿ ರೇಡಿಯೋ ರಿಪೇರಿ ಯಾರಿಗೆ ಬೇಕಮ್ಮಾ ಅಂದಿದ್ದರಲ್ಲ. ಅದು ಅರ್ಧ ನಿಜ. ಸರಿಯಾಯಿತು ಅಂತ ಕೊಟ್ಟ ಸೆಟ್ಟುಗಳು ಗೊರಗೊರ ಅನ್ನುತ್ತಾ ವಾಪಸ್ ಬರುತ್ತಿದ್ದವು. ಈಗ ಮನೆಯಲ್ಲಿ ಕುಕ್ಕರ್ ಎಷ್ಟು ಕೂಗಿದರೂ ಇವರದ್ದು ಧ್ಯಾನ. ಯಾರಾದರೂ ಬಾಗಿಲು ತಟ್ಟಿದರೆ ನಾಯಿ ಎದ್ದು ಓಡುವುದನ್ನು ನೋಡಿ, ತಾವೇ ಮೊದಲು ಕೇಳಿಸಿಕೊಂಡವರಂತೆ "ಯಾರೋ ಬಂದ್ರು ನೋಡು" ಅನ್ನುತ್ತಾರೆ. ನಾನೂ ಹೌದಲ್ಲ ಅಂತ ಎದ್ದು ಹೋಗುತ್ತೇನೆ. ಇಬ್ಬರದ್ದೂ ಒಳ್ಳೆಯ ನಾಟಕ. ನಿನ್ನೆದುರೂ ಅದೇ, ನೀನು ಕೇಳಿದ್ದಕ್ಕೆಲ್ಲ ಅವರಿಗಿಂತ ಮೊದಲು ನಾನೇ ಉತ್ತರ ಕೊಟ್ಟುಬಿಡುತ್ತೇನೆ.

ದೋಣಿಗೆ ಆಂಟೆನಾ ಕೂರಿಸಲು ಅಪ್ಪನೇ ಬರಬೇಕು ಅಂತ ನೀನು ಹಟ ಹಿಡಿದಾಗ ಅವರ ವಯಸ್ಸೇ ಇಳಿದುಹೋಯಿತು. ಅಟ್ಟದಿಂದ ಪೆಟ್ಟಿಗೆ ಇಳಿಸಿ, ಇಕ್ಕಳಗಳನ್ನು ಉಜ್ಜಿ ಉಜ್ಜಿ ಹೊಳೆಯಿಸಿದರು. ಎತ್ತರ ಇದ್ದಷ್ಟೂ ಮಾತು ದೂರ ಹೋಗುತ್ತದೆ ಅಂತ ಅಳಿಯನಿಗೆ ಪಾಠ ಹೇಳಿ, ಅವನನ್ನೇ ಹಾಯಿಕಂಬದ ತುದಿಗೆ ಹತ್ತಿಸಿ, ಕೆಳಗಿನಿಂದ "ಇನ್ನೂ ನೆಟ್ಟಗೆ, ಇನ್ನೂ ನೆಟ್ಟಗೆ" ಅಂತ ಅವನ ಪ್ರಾಣ ತಿಂದರಲ್ಲ! ಕೇಬಲ್ಲನ್ನು ಒಳಗೆ ಎಳೆದು, ಕಳಿಸಿದ ಶಕ್ತಿ ಆಂಟೆನಾದಿಂದ ವಾಪಸ್ ಬಂದರೆ ತೋರಿಸುವ ಮೀಟರ್ ಜೋಡಿಸಿ, ಮುಳ್ಳು ಸರಿಯಾದ ಜಾಗದಲ್ಲಿ ನಿಂತಿದ್ದನ್ನು ನನಗೂ ತೋರಿಸಿದರು.

ಆಮೇಲೆ, ನೀವು ಮೂವರೂ ದಡದಲ್ಲಿದ್ದಾಗ, ರೇಡಿಯೋದಲ್ಲಿ ಬಂದರಿನ ಆಫೀಸನ್ನು ಕರೆದರು. "ನನ್ ಮಾತು ಕೇಳಿಸ್ತಿದೆಯಾ?" ಅಂದರು. ಉತ್ತರ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದು, ತಲೆಯಾಡಿಸಿ, ಹೊರಗೆ ಬಂದು ನಿಮಗೆ ಕೈ ಎತ್ತಿ ತೋರಿಸಿದರು. ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ ಅಂದರು. ಮಗು ಚಪ್ಪಾಳೆ ತಟ್ಟಿತು.

ಒಳಗೆ ಅವರ ಪಕ್ಕದಲ್ಲಿ ನಾನಿದ್ದೆ. ಬಂದಿದ್ದು ಬರೀ ಗೊರಗೊರ ಸದ್ದು, ಒಂದಕ್ಷರ ಮಾತಿರಲಿಲ್ಲ. ಆದರೂ ಸುಮ್ಮನಿದ್ದುಬಿಟ್ಟೆ. ಅಳಿಯ, ಮೊಮ್ಮಗುವಿನ ಎದುರು ಅವರು ತಲೆ ತಗ್ಗಿಸುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಅಂದಿನಿಂದ ಒಂದೇ ಯೋಚನೆ. ನಡುನೀರಿನಲ್ಲಿ ನೀನು ಕೂಗಿ ಕರೆದು, ಅದು ಯಾರಿಗೂ ಮುಟ್ಟದಿದ್ದರೆ?

ತಿಳಿದವರನ್ನು ಗುಟ್ಟಾಗಿ ಕರೆಸಿ ನೋಡಿಸು. ಅಪ್ಪನ ಕಿವಿಗೆ ಹಾಕಬೇಡ ಅಂತ ಬರೆಯಲು ಹೊರಟು ನನಗೇ ನಗು ಬಂತು, ಆಮೇಲೆ ಅಳು ಬಂತು. ಅವರಿಗೆ ಗೊತ್ತಾಗದಿದ್ದರೆ ಸಾಕು. ಅವರಿಗೆ ಉಳಿದಿರುವುದು ಕೈಕೆಲಸದ ಹೆಮ್ಮೆ ಒಂದೇ.

ಮಗುವಿಗೆ ಮುತ್ತು.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಗೋಂದು ಹಚ್ಚಲು ಹೋಗಿ ಕೈ ನಿಂತಿತು. ಇಷ್ಟು ವರ್ಷ ಜೊತೆಗಿದ್ದವರ ಬೆನ್ನ ಹಿಂದೆ ಇದೇನು ಮಾಡುತ್ತಿದ್ದೇನೆ ಅನ್ನಿಸಿ, ಪತ್ರವನ್ನು ಅವರ ಕೈಗೇ ಕೊಟ್ಟೆ. ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಆ ಕೇಬಲ್ ನಮ್ಮ ಅಂಗಡೀದೇ, ಹಳೇದು. ಕೇಬಲ್ಲೇ ಶಕ್ತಿಯೆಲ್ಲ ತಿಂದುಬಿಟ್ರೆ ವಾಪಸ್ ಏನೂ ಬರಲ್ಲ, ಮುಳ್ಳು ಸರಿಯಾಗೇ ನಿಲ್ಲುತ್ತೆ. ಕಿವಿ ನೆಟ್ಟಗಿದ್ದಿದ್ರೆ ಅಲ್ಲೇ ಹಿಡೀತಿದ್ದೆ" ಅಂದರು. ಈಗ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಹೊಸ ಕೇಬಲ್ ತರಲು. ನಾಳೆ ಇಬ್ಬರೂ ಬರುತ್ತೇವೆ. ಅವರು ಜೋಡಿಸುತ್ತಾರೆ, ನಾನು ಕೇಳಿ ಹೇಳುತ್ತೇನೆ.

ಹಾಗಾದರೆ ಈ ಪತ್ರ ಹರಿದುಬಿಡಲೇ ಅಂತ ಸನ್ನೆ ಮಾಡಿದೆ. ಬೇಡ ಅಂದು ಜೇಬಿಗಿಡಲು ಕೈ ಚಾಚಿದ್ದಾರೆ. "ನಾನೇ ಕೊಡ್ತೀನಿ. ಬಾಯಲ್ಲಿ ಹೇಳಿದ್ರೆ ಅವಳೇನಂದ್ಲು ಅಂತ ನಂಗೆ ಕೇಳ್ಸಲ್ಲ. ಅವಳು ಓದುವಾಗ ಮುಖ ನೋಡ್ತೀನಿ."